112ಕ್ಕೆ ಫೋನ್ ಮಾಡಿದಾಗ ನೀವು ಎಲ್ಲಿದ್ದೀರಿ ಅಂತ ಅವರಿಗೆ ಗೊತ್ತಾಗುವುದು ಹೇಗೆ?

ತುರ್ತು ಸಹಾಯದ ನಂಬರ್ 112ಕ್ಕೆ ಕರೆ ಹೋದ ತಕ್ಷಣ ನಾವು ನಿಂತಿರುವ ಜಾಗ ಅಲ್ಲಿನ ಕಂಟ್ರೋಲ್ ರೂಮಿನ ಕಂಪ್ಯೂಟರಿನಲ್ಲಿ ಚುಕ್ಕಿಯಾಗಿ ಮೂಡುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಊಟ ತರುವ ಹುಡುಗ ನೇರ ಮನೆ ಬಾಗಿಲಿಗೇ ಬರುವುದನ್ನು ದಿನಾ ನೋಡುತ್ತೇವೆ, ಹಾಗನ್ನಿಸುವುದು ಸಹಜ. ಆದರೆ ಆ ಹುಡುಗನಿಗೆ ಜಾಗ ತೋರಿಸಿದ್ದು ಆ್ಯಪ್. ಅದು ಫೋನಿನ ಜಿಪಿಎಸ್ ಓದಿ, ಇಂಟರ್ನೆಟ್ ಮೂಲಕ ಕಳಿಸುತ್ತದೆ. ನೀವು ಬರೀ ನಂಬರ್ ಒತ್ತಿ ಮಾತಾಡಿದಾಗ ಹೋಗುವುದು ನಿಮ್ಮ ಧ್ವನಿ. ಅದರ ಜೊತೆ ಸರಿಯಾದ ಜಾಗವೂ ಹೋಗಬೇಕು ಅಂದರೆ ಫೋನು, ಮೊಬೈಲ್ ಕಂಪನಿ, ಕಂಟ್ರೋಲ್ ರೂಮು ಮೂರೂ ಕಡೆ ಅದಕ್ಕೆ ವ್ಯವಸ್ಥೆ ಇರಬೇಕು. ಎಲ್ಲ ಕಡೆ ಇರುವುದಿಲ್ಲ.

ಹಾಗಾಗಿ ತಂತ್ರಜ್ಞಾನದ ಕೈಗೆ ಎಲ್ಲವನ್ನೂ ಬಿಟ್ಟು ಕೂರಬೇಡಿ. ಫೋನು ಹೇಳಿದರೆ ಒಳ್ಳೆಯದು, ಹೇಳದಿದ್ದರೂ ನಿಮ್ಮ ಬಾಯಿಂದ ಅರ್ಧ ನಿಮಿಷದಲ್ಲಿ ಜಾಗ ಹೊರಗೆ ಬರಬೇಕು. ಅದಕ್ಕೆ ಏನೇನು ಮಾಡಿಟ್ಟುಕೊಳ್ಳಬೇಕು, ಆ ಹೊತ್ತಿನಲ್ಲಿ ಏನು ಹೇಳಬೇಕು ಅನ್ನುವುದನ್ನು ಇಲ್ಲಿ ನೋಡೋಣ.

ಅವರಿಗೆ ನಿಜಕ್ಕೂ ಕಾಣುವುದು ಏನು?

ನೀವು ಕರೆ ಮಾಡಿದಾಗ ಮೊಬೈಲ್ ಕಂಪನಿಗೆ ಖಂಡಿತ ಗೊತ್ತಿರುವುದು ಒಂದೇ. ನಿಮ್ಮ ಫೋನು ಯಾವ ಟವರ್ ಹಿಡಿದಿದೆ, ಆ ಟವರಿನ ಯಾವ ದಿಕ್ಕಿನ ಆಂಟೆನಾ ಹಿಡಿದಿದೆ ಅನ್ನುವುದು. ಸಾಮಾನ್ಯವಾಗಿ ಒಂದು ಟವರಿನ ಸುತ್ತಲಿನ ಜಾಗವನ್ನು ಮೂರು ಭಾಗ ಮಾಡಿರುತ್ತಾರೆ, ಒಂದೊಂದು 120 ಡಿಗ್ರಿ.

ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿ ಇರುತ್ತವೆ. ಕೆಲವು ನೂರು ಮೀಟರ್ ಒಳಗೆ ಅಂದಾಜು ಸಿಗಬಹುದು. ಹಳ್ಳಿ ಕಡೆ ಲೆಕ್ಕ ಬೇರೆ. ಒಂದು ಆಂಟೆನಾ 3 ಕಿಲೋಮೀಟರ್ ದೂರದವರೆಗೆ ಸಿಗ್ನಲ್ ಕೊಡುತ್ತಿದೆ ಅಂತಿಟ್ಟುಕೊಳ್ಳಿ. ಆ ಒಂದು ದಿಕ್ಕಿನ ಜಾಗವೇ ಸುಮಾರು 9 ಚದರ ಕಿಲೋಮೀಟರ್ ಆಗುತ್ತದೆ. ಎಕರೆಯಲ್ಲಿ ಹೇಳುವುದಾದರೆ 2,300ರ ಹತ್ತಿರ. ಅಷ್ಟು ತೋಟ, ಗದ್ದೆ, ಒಂಟಿ ಮನೆಗಳ ನಡುವೆ ಆಂಬುಲೆನ್ಸ್ ಎಲ್ಲಿಗೆ ಅಂತ ಬರಬೇಕು? ಸಿಗ್ನಲ್ ಹೋಗಿ ಬರುವ ಸಮಯ ಅಳೆದು ದೂರ ಅಂದಾಜು ಮಾಡುವ ದಾರಿ ಇದೆ. ಆದರೆ ಹಳೆಯ 2ಜಿಯಲ್ಲಿ ಅದು ಸುಮಾರು 550 ಮೀಟರಿನ ಪಟ್ಟಿಗಳಲ್ಲಿ ಮಾತ್ರ ಹೇಳುತ್ತದೆ. ಅರ್ಧ ಕಿಲೋಮೀಟರ್ ಆಚೀಚೆ ಅಂದ ಹಾಗಾಯಿತು.

ಮಲೆನಾಡಿನಲ್ಲಿ ಇನ್ನೊಂದು ತೊಡಕು. ಫೋನು ಯಾವಾಗಲೂ ಹತ್ತಿರದ ಟವರನ್ನೇ ಹಿಡಿಯುತ್ತದೆ ಅಂತೇನಿಲ್ಲ. ಸಿಗ್ನಲ್ ಜೋರಾಗಿ ಸಿಗುವ ಟವರ್ ಹಿಡಿಯುತ್ತದೆ, ಅದು ಹೆಚ್ಚಾಗಿ ನೇರ ಕಾಣುವ ಟವರ್. ಘಾಟಿಯ ಬುಡದಲ್ಲಿ ಸೋಮೇಶ್ವರದ ಆಸುಪಾಸು ನಿಂತವರ ಫೋನು ಮೇಲೆ ಆಗುಂಬೆ ಕಡೆಯ ಟವರಿಗೆ ಅಂಟಿಕೊಂಡರೆ ಆಶ್ಚರ್ಯವಿಲ್ಲ. ಕೆಳಗೆ ಉಡುಪಿ ಜಿಲ್ಲೆ, ಮೇಲೆ ಶಿವಮೊಗ್ಗ ಜಿಲ್ಲೆ. ಟವರನ್ನು ಮಾತ್ರ ನಂಬಿದರೆ ವಾಹನ ಬೇರೆ ಜಿಲ್ಲೆಯಿಂದ ಹೊರಡುತ್ತದೆ.

ಗಡಿಯಲ್ಲಂತೂ ಕರೆಯೇ ಪಕ್ಕದ ರಾಜ್ಯಕ್ಕೆ ಹೋಗಿಬಿಡಬಹುದು. ನಿಪ್ಪಾಣಿ, ತಲಪಾಡಿ, ಅತ್ತಿಬೆಲೆಯಂಥ ಕಡೆ ಇರುವವರು ಇದನ್ನು ನೆನಪಿಡಿ. 112 ಎಲ್ಲಿಗೆ ಹೋಗಬೇಕು ಅನ್ನುವುದು ನಿಮ್ಮ ಸಿಮ್ ಎಲ್ಲಿ ಕೊಂಡದ್ದು ಅನ್ನುವುದರ ಮೇಲಿಲ್ಲ, ಆ ಕ್ಷಣ ಹಿಡಿದಿರುವ ಟವರ್ ಮೇಲಿದೆ. ಆ ಕಡೆಯಿಂದ ಮರಾಠಿಯೋ ಮಲಯಾಳಂ ಮಾತೋ ಕೇಳಿದರೆ ಗಾಬರಿಯಾಗಿ ಕಟ್ ಮಾಡಬೇಡಿ. “ಕರ್ನಾಟಕ” ಅಂತ ಮೊದಲು ಹೇಳಿ, ಆಮೇಲೆ ಜಿಲ್ಲೆ ಹೇಳಿ.

ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ದೇಶಗಳಲ್ಲಿ ಆಗಲೇ ಬಂದಿದೆ. ಬ್ರಿಟನ್ನಿನಲ್ಲಿ 2014ರಲ್ಲಿ ಒಂದು ಪದ್ಧತಿ ಶುರುವಾಯಿತು. ತುರ್ತು ನಂಬರ್ ಒತ್ತಿದ ಕೂಡಲೇ ಫೋನು ತಾನೇ ಜಿಪಿಎಸ್ ಆನ್ ಮಾಡಿಕೊಂಡು, ಜಾಗ ಹುಡುಕಿ, ಕಂಟ್ರೋಲ್ ರೂಮಿಗೆ ಸದ್ದಿಲ್ಲದೆ ಒಂದು ಎಸ್ಎಂಎಸ್ ಕಳಿಸುತ್ತದೆ. ಕರೆ ಮಾಡಿದವರು ಏನೂ ಮಾಡಬೇಕಿಲ್ಲ. 2016ರಲ್ಲಿ ಗೂಗಲ್ ಇಂಥದ್ದನ್ನೇ ‘ಎಮರ್ಜೆನ್ಸಿ ಲೊಕೇಶನ್ ಸರ್ವಿಸ್’ ಅಂತ ಆಂಡ್ರಾಯ್ಡ್ ಒಳಗೆ ಸೇರಿಸಿತು. ಯುರೋಪಿಯನ್ ಒಕ್ಕೂಟದಲ್ಲಿ 2022ರ ಮಾರ್ಚ್‌ನಿಂದ ಮಾರುವ ಹೊಸ ಸ್ಮಾರ್ಟ್‌ಫೋನುಗಳಲ್ಲಿ ಈ ಸೌಲಭ್ಯ ಕಡ್ಡಾಯ. ನಮ್ಮ ದೇಶದಲ್ಲಿ ಗೂಗಲ್‌ನ ಈ ಸೇವೆಯನ್ನು 112ಕ್ಕೆ ಪೂರ್ತಿಯಾಗಿ ಜೋಡಿಸಿದ ಮೊದಲ ರಾಜ್ಯ ಉತ್ತರ ಪ್ರದೇಶ, 2025ರ ಕೊನೆಯಲ್ಲಿ. ಫೋನಿನಲ್ಲಿ ಸೌಲಭ್ಯ ಇದ್ದರೆ ಸಾಲದು, ಆ ಕಡೆ ಕೇಳಿಸಿಕೊಳ್ಳುವವರೂ ಇರಬೇಕು ಅನ್ನುವುದಕ್ಕೆ ಇದೇ ಉದಾಹರಣೆ.

ಮೊದಲು ಫೋನನ್ನು ಸಿದ್ಧ ಮಾಡಿ

ಇದನ್ನು ಇವತ್ತೇ, ಕಾಫಿ ಕುಡಿಯುತ್ತಾ ಮಾಡಿ ಮುಗಿಸಬಹುದು.

ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ಗೆ ಹೋಗಿ, ‘ಲೊಕೇಶನ್’ ಒಳಗೆ ‘ಲೊಕೇಶನ್ ಸರ್ವಿಸಸ್’ ನೋಡಿ. ಅಲ್ಲಿ ‘ಎಮರ್ಜೆನ್ಸಿ ಲೊಕೇಶನ್ ಸರ್ವಿಸ್’ ಅಂತ ಇರುತ್ತದೆ. ಅದು ಆನ್ ಇರಲಿ. ಕಂಪನಿಯಿಂದ ಕಂಪನಿಗೆ ಜಾಗ ಸ್ವಲ್ಪ ಬೇರೆ ಇರುತ್ತದೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಪೆಟ್ಟಿಗೆಯಲ್ಲಿ ‘ಎಮರ್ಜೆನ್ಸಿ’ ಅಂತ ಹಾಕಿ. ಇದಕ್ಕೆ ದುಡ್ಡಿಲ್ಲ, ಬ್ಯಾಟರಿಯೂ ಹೋಗುವುದಿಲ್ಲ. ತುರ್ತು ಕರೆ ಮಾಡಿದಾಗ ಮಾತ್ರ ಎಚ್ಚರವಾಗುತ್ತದೆ.

ಸೆಟ್ಟಿಂಗ್ಸ್ ಒಳಗೇ ‘ಸೇಫ್ಟಿ ಆ್ಯಂಡ್ ಎಮರ್ಜೆನ್ಸಿ’ ಅನ್ನುವ ಕಡೆ ‘ಎಮರ್ಜೆನ್ಸಿ ಎಸ್ಒಎಸ್’ ಇರುತ್ತದೆ. ಪವರ್ ಬಟನ್ನನ್ನು ಟಕಟಕ ಅಂತ ಐದು ಸಲ ಒತ್ತಿದರೆ 112ಕ್ಕೆ ಕರೆ ಹೋಗುವ ಹಾಗೆ ಇಡಬಹುದು, ಮನೆಯವರಿಗೆ ಜಾಗದ ಸಮೇತ ಸಂದೇಶ ಹೋಗುವ ಹಾಗೂ ಇಡಬಹುದು. ಭಾರತದಲ್ಲಿ ಬಳಸುವ ಐಫೋನಿನಲ್ಲಿ ಪಕ್ಕದ ಬಟನ್ ಮೂರು ಸಲ ಬೇಗ ಬೇಗ ಒತ್ತಿದರೇ ಸಾಕು, ತುರ್ತು ಕರೆ ಹೋಗುತ್ತದೆ. ಮಕ್ಕಳ ಕೈಗೆ ಫೋನ್ ಕೊಡುವವರು ಇದನ್ನು ತಿಳಿದಿರಲಿ.

ಕೀಪ್ಯಾಡ್ ಫೋನಿನಲ್ಲೂ ಈ ಸೌಲಭ್ಯ ಇದೆ ಅಂತ ಹಲವರಿಗೆ ಗೊತ್ತೇ ಇಲ್ಲ. 2016ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, 2017ರ ಜನವರಿ 1ರಿಂದ ಮಾರುವ ಪ್ರತಿ ಫೋನಿನಲ್ಲೂ ಪ್ಯಾನಿಕ್ ಬಟನ್ ಇರಬೇಕು. ಕೀಪ್ಯಾಡ್ ಫೋನಾದರೆ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ಅಜ್ಜಿಯ ಫೋನಿನಲ್ಲಿ ಯಾವುದು ಅಂತ ಜೊತೆಗೆ ಬಂದ ಪುಸ್ತಕದಲ್ಲೋ ಮೆನುವಿನಲ್ಲೋ ನೋಡಿ. ಒತ್ತಿ ಪರೀಕ್ಷೆ ಮಾಡಲು ಹೋಗಬೇಡಿ.

ಆಮೇಲೆ ‘112 ಇಂಡಿಯಾ’ ಆ್ಯಪ್ ಹಾಕಿಕೊಳ್ಳಿ. ಹೆಸರು, ಮನೆಯವರ ನಂಬರ್ ತುಂಬಿಸಿ, ಲೊಕೇಶನ್ ಅನುಮತಿ ಕೊಡಿ. ಅನುಮತಿ ಕೇಳುವಾಗ ‘ಪ್ರಿಸೈಸ್’, ‘ಅಪ್ರಾಕ್ಸಿಮೇಟ್’ ಅಂತ ಎರಡು ಆಯ್ಕೆ ಬರುತ್ತದೆ. ಮೊದಲನೆಯದನ್ನೇ ಒತ್ತಿ. ಎರಡನೆಯದು ಯಾವ ಏರಿಯಾ ಅನ್ನುವಷ್ಟನ್ನು ಮಾತ್ರ ಹೇಳುತ್ತದೆ. ಡೇಟಾ ಇರುವ ಕಡೆ ಆ್ಯಪ್ ಮೂಲಕ ಸಹಾಯ ಕೇಳಿದರೆ ಜಿಪಿಎಸ್ ಜಾಗವೂ ಜೊತೆಗೇ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ಗೊತ್ತಿಲ್ಲದ ನಂಬರಿನ ಕರೆಗಳನ್ನೆಲ್ಲ ತಡೆಯುವ ಆ್ಯಪ್ ಅಥವಾ ಸೆಟ್ಟಿಂಗ್ ಈಗ ಬಹಳ ಜನರ ಫೋನಿನಲ್ಲಿದೆ. ಲೋನ್ ಕೊಡುವವರ ಕಾಟಕ್ಕೆ ಅದು ಬೇಕು, ಸರಿ. ಆದರೆ ಆಂಬುಲೆನ್ಸ್ ಡ್ರೈವರ್ ಮಾಡುವ ಕರೆಯೂ ಗೊತ್ತಿಲ್ಲದ ನಂಬರಿನದ್ದೇ. ತುರ್ತು ಕರೆ ಮಾಡಿದ ಕೂಡಲೇ ಅದನ್ನು ಆಫ್ ಮಾಡುವುದು ಹೇಗೆ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಮನೆ ಜಾಗವನ್ನು ಬರೆದು ಅಂಟಿಸಿ

ಅರ್ಧ ರಾತ್ರಿಯಲ್ಲಿ ಅಪ್ಪನಿಗೆ ಎದೆನೋವು ಬಂದಾಗ ಯಾರಿಗೂ ವಿಳಾಸ ಸರಿಯಾಗಿ ಬಾಯಿಗೆ ಬರುವುದಿಲ್ಲ. ಮನೆಗೆ ಬಂದ ನೆಂಟರಿಗೋ ಕೆಲಸದವರಿಗೋ ಮೊದಲೇ ಗೊತ್ತಿರುವುದಿಲ್ಲ. ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಫೋನ್ ಚಾರ್ಜ್‌ಗೆ ಹಾಕುವ ಕಡೆ ಗೋಡೆಗೆ ಅಂಟಿಸಿ.

ಏನು ಬರೆಯಬೇಕು? ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಪಿನ್‌ಕೋಡ್. ಇದೇ ಕ್ರಮದಲ್ಲಿ, ದೊಡ್ಡದರಿಂದ ಚಿಕ್ಕದಕ್ಕೆ. ನಾವು ಸಾಮಾನ್ಯವಾಗಿ ಉಲ್ಟಾ ಹೇಳುತ್ತೇವೆ, “ಹೊಸಹಳ್ಳಿ ಸರ್, ಬೇಗ ಬನ್ನಿ” ಅಂತ. ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿ, ಎಷ್ಟು ರಾಮಪುರ ಇವೆಯೋ! ಕರೆ ಎತ್ತಿದವರು ಬೆಂಗಳೂರಿನಲ್ಲಿ ಕೂತಿರುತ್ತಾರೆ. ಅವರಿಗೆ ನಿಮ್ಮ ಊರಿನ ಶಾನುಭೋಗರ ಮನೆಯೂ ಗೊತ್ತಿಲ್ಲ, ಶಾನುಭೋಗರೂ ಗೊತ್ತಿಲ್ಲ.

ಆಮೇಲೆ ಮುಖ್ಯ ರಸ್ತೆಯಿಂದ ಮನೆಗೆ ದಾರಿ. ಹೊಸಬ ಡ್ರೈವರ್ ಕತ್ತಲಲ್ಲಿ ನೋಡಿ ಹಿಡಿಯಬಹುದಾದ ಗುರುತುಗಳನ್ನೇ ಹಾಕಿ. ಹಾಲಿನ ಡೈರಿ, ಸರ್ಕಾರಿ ಶಾಲೆ, ನೀರಿನ ಟ್ಯಾಂಕು, ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್). ಮಾವಿನ ಮರ, ದಣಪೆ (ತೋಟದ ಮರದ ಗೇಟು) ಇವೆಲ್ಲ ರಾತ್ರಿ ಕಾಣುವುದಿಲ್ಲ. ಒಂದು ಮಾದರಿ ಹೀಗಿರಬಹುದು:

“ಚಿಕ್ಕಮಗಳೂರು ಜಿಲ್ಲೆ, ಕೊಪ್ಪ ತಾಲ್ಲೂಕು. ಕೊಪ್ಪದಿಂದ ಶೃಂಗೇರಿ ರಸ್ತೆ. ಹಾಲಿನ ಡೈರಿ ದಾಟಿ ಬಲಕ್ಕೆ ಮಣ್ಣಿನ ರಸ್ತೆ. ಅರ್ಧ ಕಿಲೋಮೀಟರ್. ನೀಲಿ ಗೇಟು. ಮನೆ ತಗ್ಗಿನಲ್ಲಿದೆ, ರಸ್ತೆಗೆ ಕಾಣಲ್ಲ. ಆಂಬುಲೆನ್ಸ್ ಗೇಟಿನವರೆಗೆ ಬರುತ್ತದೆ. ಮಳೆಗಾಲದಲ್ಲಿ ಡೈರಿಯವರೆಗೆ ಮಾತ್ರ.”

ಆ ಕೊನೆಯ ಎರಡು ಸಾಲು ಯಾವ ಜಿಪಿಎಸ್ಸೂ ಹೇಳುವುದಿಲ್ಲ. ಮಳೆಗಾಲದಲ್ಲಿ ಗಾಡಿ ಹೂತುಕೊಂಡರೆ ರೋಗಿಯ ಜೊತೆ ಆಂಬುಲೆನ್ಸನ್ನೂ ಎತ್ತಬೇಕಾಗುತ್ತದೆ, ಅಲ್ವಾ?

ಕೊನೆಗೆ ಮನೆಯ ಅಕ್ಷಾಂಶ, ರೇಖಾಂಶ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಮನೆಯ ಮೇಲೆ ಬೆರಳು ಒತ್ತಿ ಹಿಡಿದರೆ ಒಂದು ಕೆಂಪು ಗುರುತು ಬೀಳುತ್ತದೆ, ಜೊತೆಗೆ ಎರಡು ಸಂಖ್ಯೆ ಸಿಗುತ್ತವೆ. ವಿಧಾನಸೌಧದ ಆಸುಪಾಸಿಗೆ 12.979, 77.590 ಅಂತ ಬರುತ್ತದೆ. ಪಾಯಿಂಟ್ ಆದಮೇಲೆ ಮೂರು ಅಂಕಿ ಇದ್ದರೆ ಸುಮಾರು 100 ಮೀಟರಿನ ಅಂದಾಜು, ನಾಲ್ಕಿದ್ದರೆ 11 ಮೀಟರ್, ಐದಿದ್ದರೆ ಒಂದು ಮೀಟರ್. ಬರೆದಿಡುವಾಗ ಐದು ಬರೆಯಿರಿ. ಅದಕ್ಕಿಂತ ಜಾಸ್ತಿ ಸುಮ್ನೆ ತಲೆನೋವು.

ಈ ಸಂಖ್ಯೆಗಳನ್ನು ಹೇಳುವುದಕ್ಕೂ ಒಂದು ರೀತಿ ಇದೆ. “ಹನ್ನೆರಡು ಪಾಯಿಂಟ್ ಒಂಬತ್ತು, ಏಳು, ಒಂಬತ್ತು” ಅಂತ ಒಂದೊಂದೇ ಅಂಕಿ. “ಒಂಬೈನೂರ ಎಪ್ಪತ್ತೊಂಬತ್ತು” ಅನ್ನಬೇಡಿ. ಕರ್ನಾಟಕದ ಒಳಗಿದ್ದರೆ ಮೊದಲ ಸಂಖ್ಯೆ 11ರಿಂದ 18ರ ಒಳಗೆ ಶುರುವಾಗಬೇಕು, ಎರಡನೆಯದು 74ರಿಂದ 78ರ ಒಳಗೆ. ಅದಲು ಬದಲಾಗಿ 77 ಮೊದಲು ಹೇಳಿದರೆ ನೀವು ಉತ್ತರ ಧ್ರುವದ ಕಡೆಯ ಹಿಮದ ಸಮುದ್ರದಲ್ಲಿದ್ದೀರಿ ಅಂತಾಯಿತು.

ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಅಂತ ತಂದಿದೆ. ಇಡೀ ದೇಶವನ್ನು ಸುಮಾರು 4 ಮೀಟರ್ ಅಗಲ, 4 ಮೀಟರ್ ಉದ್ದದ ಚೌಕಗಳಾಗಿ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರದ ಗುರುತು ಕೊಟ್ಟಿದ್ದಾರೆ. ಒಳ್ಳೆಯ ಯೋಚನೆ. ಬೇಕಾದರೆ ರಟ್ಟಿನ ಮೂಲೆಯಲ್ಲಿ ಬರೆದಿಡಿ. ಆದರೆ ಫೋನಿನಲ್ಲಿ ಗಡಿಬಿಡಿಯಲ್ಲಿ ಹೇಳಲು ನನ್ನ ಮಟ್ಟಿಗೆ ಹಾಲಿನ ಡೈರಿಯೇ ವಾಸಿ.

ಕರೆ ಹತ್ತಿದ ಮೇಲೆ: ಮೊದಲು ಜಾಗ, ಆಮೇಲೆ ಸಂಗತಿ

ಎಲ್ಲರೂ ಏನಾಯಿತು ಅಂತ ಶುರು ಮಾಡುತ್ತಾರೆ. ಹೇಗೆ ಬಿದ್ದರು, ಯಾರು ಗುದ್ದಿದರು, ತಪ್ಪು ಯಾರದ್ದು. ಅಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಜಾಗ ಹೇಳಿ ಕರೆ ಕಟ್ಟಾದರೂ ಗಾಡಿ ಹೊರಡುತ್ತದೆ. ಕಥೆ ಹೇಳಿ ಕಟ್ಟಾದರೆ ಹೊರಡುವುದು ಎಲ್ಲಿಗೆ?

ಶಿರಾಡಿ ಘಾಟಿನಲ್ಲಿ ಕಾರೊಂದು ಚರಂಡಿಗೆ ಬಿದ್ದಿದೆ ಅಂತಿಟ್ಟುಕೊಳ್ಳಿ. ಕರೆ ಹೀಗಿರಲಿ:

“ಹಾಸನ ಜಿಲ್ಲೆ, ಸಕಲೇಶಪುರ ತಾಲ್ಲೂಕು, ಶಿರಾಡಿ ಘಾಟ್, ನ್ಯಾಷನಲ್ ಹೈವೇ 75.”

“ಘಾಟಲ್ಲಿ ಎಲ್ಲಿ ಸರ್?”

“ಸಕಲೇಶಪುರದಿಂದ ಮಂಗಳೂರು ಕಡೆ ಇಳಿತಾ ಇದ್ವಿ ಮೇಡಂ. ಮಾರನಹಳ್ಳಿ ದಾಟಿದೀವಿ, ಗುಂಡ್ಯ ಇನ್ನೂ ಬಂದಿಲ್ಲ. ನಮ್ಮ ಎಡಗಡೆ ಚರಂಡಿಗೆ ಕಾರು ಬಿದ್ದಿದೆ. ಇಬ್ಬರಿಗೆ ಏಟಾಗಿದೆ, ಒಬ್ಬರಿಗೆ ಪ್ರಜ್ಞೆ ಇಲ್ಲ.”

“ಇದೇ ನಂಬರಿಗೆ ಫೋನ್ ಮಾಡಬಹುದಾ?”

“ಮಾಡಿ. ಇಲ್ಲಿ ಸಿಗ್ನಲ್ ಹೋಗಿ ಬರ್ತಾ ಇದೆ. ಇನ್ನೊಂದು ನಂಬರ್ ಬರೆದುಕೊಳ್ಳಿ.”

ನೋಡಿ, ಇಲ್ಲಿ ಜಿಪಿಎಸ್ ಸಂಖ್ಯೆ ಇಲ್ಲ. ಆದರೂ ಹುಡುಕುವ ರಸ್ತೆ ಕೆಲವೇ ಕಿಲೋಮೀಟರಿಗೆ ಇಳಿಯಿತು. ದಾಟಿದ ಊರು ಒಂದು, ಮುಂದೆ ಬರುವ ಊರು ಒಂದು, ಯಾವ ಕಡೆ ಹೋಗುತ್ತಿದ್ದಿರಿ. ರಸ್ತೆ ಮೇಲೆ ಈ ಮೂರು ಸಾಕು. ಘಾಟಿಯ ನಡುವೆ ಯಾವ ಜಿಲ್ಲೆ ಅಂತ ಗೊತ್ತಾಗದಿದ್ದರೆ ಎರಡೂ ಕಡೆಯ ಊರಿನ ಹೆಸರು ಹೇಳಿ, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ಅವರು ಪ್ರಶ್ನೆ ಕೇಳುತ್ತಾ ಇದ್ದಾರೆ ಅಂದರೆ ಗಾಡಿ ಹೊರಟಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ಮಾತಾಡುತ್ತಲೇ ವಿವರ ಟೈಪ್ ಮಾಡುತ್ತಿರುತ್ತಾರೆ. “ಮೊದಲು ಗಾಡಿ ಕಳಿಸ್ರೀ” ಅಂತ ರೇಗಿದರೆ ಅವರ ಟೈಪಿಂಗ್ ನಿಲ್ಲುತ್ತದೆ ಅಷ್ಟೇ.

ಹೈವೇ ಮೇಲಿದ್ದರೆ

ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕೇಸರಿ ಇದ್ದರೆ ಹಳ್ಳಿ ರಸ್ತೆ. ಎರಡು ದೊಡ್ಡ ಕಲ್ಲಿನ ನಡುವೆ ಪ್ರತಿ 200 ಮೀಟರಿಗೆ ಚಿಕ್ಕ ಕಲ್ಲುಗಳೂ ಇರುತ್ತವೆ, 2, 4, 6, 8 ಅಂತ. ಹೆದ್ದಾರಿ ನಂಬರ್ ಜೊತೆ ಈ ಎರಡನ್ನೂ ಹೇಳಿದರೆ ಇನ್ನೇನೂ ಬೇಡ. ರಾಷ್ಟ್ರೀಯ ಹೆದ್ದಾರಿಗೆ 1033 ಅಂತ ಪ್ರತ್ಯೇಕ ಸಹಾಯವಾಣಿಯೂ ಇದೆ.

ನಾಲ್ಕು, ಆರು ಪಥದ ರಸ್ತೆಯಲ್ಲಿ ಯಾವ ಬದಿ ಅನ್ನುವುದು ಬಹಳ ಮುಖ್ಯ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ನಡುವೆ ತಡೆಗೋಡೆ, ಬದಿಗೆ ಬೇಲಿ. ತಪ್ಪು ಬದಿಯಲ್ಲಿ ಬಂದ ಆಂಬುಲೆನ್ಸಿಗೆ ನೀವು ಕಣ್ಣಿಗೆ ಕಾಣುತ್ತೀರಿ, ಆದರೆ ಹತ್ತಿರ ಬರಲು ಎಷ್ಟೋ ದೂರ ಹೋಗಿ ತಿರುಗಬೇಕು. “ಮೈಸೂರಿಗೆ ಹೋಗುವ ಬದಿ” ಅಂತ ಬಿಡಿಸಿ ಹೇಳಿ. ಸರ್ವಿಸ್ ರಸ್ತೆಯೋ ಮುಖ್ಯ ರಸ್ತೆಯೋ, ಫ್ಲೈಓವರ್ ಮೇಲೋ ಕೆಳಗೋ ಅಂತಲೂ ಸೇರಿಸಿ. ಮ್ಯಾಪಿನಲ್ಲಿ ಮೇಲೆ, ಕೆಳಗೆ ಎರಡೂ ಒಂದೇ ಚುಕ್ಕಿ.

ಪೇಟೆಯಲ್ಲಿದ್ದರೆ

ಬೆಂಗಳೂರಿನಲ್ಲಿ “ಫೋರ್ತ್ ಕ್ರಾಸ್, ಸೆಕೆಂಡ್ ಮೇನ್” ಅಂದರೆ ಏನೂ ಹೇಳಿದ ಹಾಗಲ್ಲ. ಪ್ರತಿ ಬಡಾವಣೆಯಲ್ಲೂ ಅದು ಇದೆ. ಬಡಾವಣೆ, ಸ್ಟೇಜು ಅಥವಾ ಬ್ಲಾಕು, ಆಮೇಲೆ ಮೇನು, ಕ್ರಾಸು. ಗಾಂಧಿನಗರ, ಎಂ.ಜಿ. ರೋಡು ಎಲ್ಲ ಊರಲ್ಲೂ ಇರುವುದರಿಂದ ಊರಿನ ಹೆಸರು ಬಿಡಬೇಡಿ. ಹೊಸ ಜಾಗವಾದರೆ ಹತ್ತಿರದ ಅಂಗಡಿ ಬೋರ್ಡಿನ ಕೆಳಗೆ ನೋಡಿ, ಬಹಳಷ್ಟು ಬೋರ್ಡುಗಳಲ್ಲಿ ವಿಳಾಸ, ಪಿನ್‌ಕೋಡ್ ಬರೆದಿರುತ್ತಾರೆ. ಮೆಟ್ರೋ ಹಾದುಹೋಗುವ ರಸ್ತೆಯಾದರೆ ಕಂಬದ ನಂಬರ್ ಹೇಳಿ. ಅದಕ್ಕಿಂತ ಸುಲಭದ ಗುರುತು ಬೆಂಗಳೂರಿನಲ್ಲಿ ಇನ್ನೊಂದಿಲ್ಲ.

ಅಪಾರ್ಟ್‌ಮೆಂಟ್ ಆದರೆ ಯಾವ ಬ್ಲಾಕು, ಎಷ್ಟನೇ ಮಹಡಿ, ಯಾವ ಗೇಟು. ಅಮೆರಿಕದಲ್ಲಿ ತುರ್ತು ಕರೆಯ ಜೊತೆ ಎತ್ತರವನ್ನೂ 3 ಮೀಟರ್ ಆಚೀಚೆ ತಿಳಿಸಬೇಕು ಅಂತ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ನಿಯಮ ಮಾಡಿದೆ. ಇಲ್ಲಿ ವಾಚ್‌ಮನ್ನೇ ನಮ್ಮ ಎಫ್‌ಸಿಸಿ. ಅವರಿಗೆ ಒಂದು ಫೋನ್ ಮಾಡಿ, ಗೇಟು ತೆಗೆದು ಲಿಫ್ಟ್ ಹಿಡಿದಿಟ್ಟುಕೊಳ್ಳಲು ಹೇಳಿ.

ರೈಲು, ಕಾಡು, ಬೆಟ್ಟ

ರೈಲಿನಲ್ಲಿ 139. ರೈಲಿನ ನಂಬರ್, ಬೋಗಿ, ಸೀಟು, ಕೊನೆಗೆ ದಾಟಿದ ಸ್ಟೇಷನ್ ಇಷ್ಟು ಹೇಳಿ. ಓಡುವ ರೈಲಿನಲ್ಲಿ ಜಿಪಿಎಸ್ ಸಂಖ್ಯೆ ಹೇಳಿ ಮುಗಿಸುವಷ್ಟರಲ್ಲಿ ಜಾಗ ಬದಲಾಗಿರುತ್ತದೆ. ಹಳಿ ಪಕ್ಕ ಇದ್ದರೆ ಕರೆಂಟ್ ತಂತಿ ಹೊತ್ತ ಕಂಬಗಳನ್ನು ನೋಡಿ. ಮೇಲೊಂದು, ಕೆಳಗೊಂದು ಸಂಖ್ಯೆ ಇರುತ್ತದೆ. ಕಿಲೋಮೀಟರ್ ಯಾವುದು, ಆ ಕಿಲೋಮೀಟರಿನಲ್ಲಿ ಎಷ್ಟನೇ ಕಂಬ ಅಂತ. ರೈಲ್ವೆಯವರಿಗೆ ಅದೇ ವಿಳಾಸ.

ಚಾರಣ ಹೋಗುವವರಿಗೆ ಒಂದು ಮಾತು. ಜಿಪಿಎಸ್‌ಗೆ ಸಿಗ್ನಲ್ಲೂ ಬೇಡ, ಡೇಟಾನೂ ಬೇಡ. ಅದು ಉಪಗ್ರಹದಿಂದ ನೇರ ಬರುತ್ತದೆ. ಬೇಕಾಗಿರುವುದು ತೆರೆದ ಆಕಾಶ. ಹೊರಡುವ ಮೊದಲೇ ಆ ಭಾಗದ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಐಫೋನಿನಲ್ಲಾದರೆ ಕಂಪಾಸ್ ತೆರೆದರೆ ಕೆಳಗೆ ಅಕ್ಷಾಂಶ, ರೇಖಾಂಶ ಕಾಣುತ್ತದೆ. ಮರದ ಕೆಳಗಿಂದ ಬಯಲಿಗೆ ಬಂದು ಒಂದೆರಡು ನಿಮಿಷ ಕಾಯಿರಿ. ನೀಲಿ ಚುಕ್ಕಿಯ ಸುತ್ತ ತೆಳು ನೀಲಿ ವೃತ್ತ ಇರುತ್ತದಲ್ಲ, ಅದು ದೊಡ್ಡದಿದ್ದಷ್ಟೂ ಫೋನಿಗೆ ಅನುಮಾನ ಜಾಸ್ತಿ. ಅದು ಕುಗ್ಗುವವರೆಗೆ ಕಾಯಬೇಕು. ಚುಕ್ಕಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಹಳೆಯ ಜಾಗ, ನಂಬಬೇಡಿ.

‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಅಂತ ಕಂಡರೆ ಹತಾಶರಾಗಬೇಡಿ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲ, ಆದರೆ ಬೇರೆ ಕಂಪನಿಯದ್ದು ಇದೆ ಅಂತ ಅದರ ಅರ್ಥ. 112 ಹತ್ತಬಹುದು, ಪ್ರಯತ್ನಿಸಿ. ಆದರೆ ಆ ಸ್ಥಿತಿಯಲ್ಲಿ ಅವರು ನಿಮಗೆ ತಿರುಗಿ ಕರೆ ಮಾಡಲಾಗುವುದಿಲ್ಲ. ಮೊದಲ ಕರೆಯಲ್ಲೇ ಎಲ್ಲ ಹೇಳಿಬಿಡಿ. ನಿಮ್ಮದೇ ಸಿಗ್ನಲ್ ಒಂದು ಕಡ್ಡಿ ಬಂದು ಹೋಗುತ್ತಿದ್ದರೆ ಮನೆಯವರಿಗೆ ಆ ಎರಡು ಸಂಖ್ಯೆಗಳನ್ನು ಎಸ್ಎಂಎಸ್ ಮಾಡಿ. ಕರೆ ನಿಲ್ಲದ ಕಡೆಯೂ ಎಸ್ಎಂಎಸ್ ಹಲವು ಸಲ ಹೋಗುತ್ತದೆ. ಸಂದೇಶ ಹೋದ ಮೇಲೆ ಅಲ್ಲಿಂದ ಕದಲಬೇಡಿ.

ವಾಟ್ಸಾಪ್ ಲೊಕೇಶನ್ ಕಳಿಸುವಾಗ

ಡ್ರೈವರ್ ಫೋನ್ ಮಾಡಿದಾಗ “ಇದೇ ನಂಬರಿಗೆ ಲೊಕೇಶನ್ ಹಾಕಲಾ?” ಅಂತ ಕೇಳಿ. ಕಳಿಸುವಾಗ ಅಲ್ಲಿ ಒಂದು ಪಟ್ಟಿ ಬರುತ್ತದೆ. ಹತ್ತಿರದ ಹೋಟೆಲ್, ಬ್ಯಾಂಕ್, ದೇವಸ್ಥಾನ ಎಲ್ಲ ಇರುತ್ತವೆ. ಅವಸರದಲ್ಲಿ ಬೆರಳು ಅದರ ಮೇಲೆ ಬಿದ್ದರೆ ಹೋಗುವುದು ಹೋಟೆಲಿನ ಜಾಗ. ‘ಸೆಂಡ್ ಯುವರ್ ಕರೆಂಟ್ ಲೊಕೇಶನ್’ ಅನ್ನುವುದನ್ನೇ ಒತ್ತಿ. ಅದರ ಕೆಳಗೆ ಎಷ್ಟು ಮೀಟರ್ ಆಚೀಚೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದು ನೂರಾರು ಮೀಟರ್ ತೋರಿಸುತ್ತಿದ್ದರೆ ಕಿಟಕಿ ಹತ್ತಿರವೋ ಬಾಲ್ಕನಿಗೋ ಹೋಗಿ. ಆರ್‌ಸಿಸಿ ಕಟ್ಟಡದ ನಡುವೆ, ಬೇಸ್‌ಮೆಂಟಿನಲ್ಲಿ ಜಿಪಿಎಸ್ ದಡ್ಡನಾಗಿಬಿಡುತ್ತದೆ. ಇಪ್ಪತ್ತು ಮೂವತ್ತಕ್ಕೆ ಇಳಿದ ಮೇಲೆ ಕಳಿಸಿ.

ನೀವೊಂದು ಊರು, ಅಪ್ಪ ಅಮ್ಮ ಒಂದು ಊರು

ಅಮ್ಮ ಶಿರಸಿಯಲ್ಲಿ, ನೀವು ಪುಣೆಯಲ್ಲಿ. ಅಮ್ಮ ಬಿದ್ದೆ ಅಂತ ನಿಮಗೆ ಫೋನ್ ಮಾಡಿದರು. ನೀವು ಪುಣೆಯಿಂದ 112 ಒತ್ತಿದರೆ ಎತ್ತುವುದು ಮಹಾರಾಷ್ಟ್ರದವರು. ಅಮೆರಿಕದಿಂದ ಒತ್ತಿದರಂತೂ ಶಿರಸಿಗೆ ತಲುಪುವುದೇ ಇಲ್ಲ. ಹಾಗಾಗಿ ಆ ಊರಿನ ಪೊಲೀಸ್ ಸ್ಟೇಷನ್, ಜಿಲ್ಲಾ ಕಂಟ್ರೋಲ್ ರೂಮ್, ಹತ್ತಿರದ ಆಸ್ಪತ್ರೆ ಇವುಗಳ ಲ್ಯಾಂಡ್‌ಲೈನ್ ನಂಬರನ್ನು ಎಸ್‌ಟಿಡಿ ಕೋಡ್ ಸಮೇತ ಸೇವ್ ಮಾಡಿಕೊಳ್ಳಿ. ವಿದೇಶದಲ್ಲಿದ್ದರೆ ಕೋಡಿನ ಮೊದಲ ಸೊನ್ನೆ ತೆಗೆದು, ಮುಂದೆ +91 ಸೇರಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಮನೆಯವರ ನಂಬರ್, ಒಬ್ಬರದ್ದಲ್ಲ, ಇಬ್ಬರದ್ದು. ಅವರು ಅಲ್ಲಿಂದಲೇ 108 ಅಥವಾ 112 ಒತ್ತಿದರೆ ಕರೆ ಸರಿಯಾದ ಕಡೆ ಹೋಗುತ್ತದೆ.

ಅಪ್ಪ ಅಮ್ಮ ಸ್ಮಾರ್ಟ್‌ಫೋನ್ ಬಳಸುತ್ತಿದ್ದರೆ ಅವರನ್ನು ಕೇಳಿ, ಒಪ್ಪಿದರೆ ಗೂಗಲ್ ಮ್ಯಾಪಿನ ಲೊಕೇಶನ್ ಶೇರಿಂಗ್ ಆನ್ ಮಾಡಿ. ಬೆಳಗಿನ ವಾಕಿಂಗ್ ಹೋಗುವ, ತೋಟಕ್ಕೆ ಒಬ್ಬರೇ ಹೋಗುವ ಹಿರಿಯರಿಗೆ ಇದು ಒಳ್ಳೆಯದು. ‘ಯಾವ ನಂಬರ್ ಹಾಕಿದರೂ ಲೈವ್ ಲೊಕೇಶನ್ ತೋರಿಸುತ್ತೇವೆ’ ಅನ್ನುವ ವೆಬ್‌ಸೈಟ್, ಆ್ಯಪ್‌ಗಳ ಹತ್ತಿರ ಮಾತ್ರ ಹೋಗಬೇಡಿ. ಟವರ್ ಮಾಹಿತಿ ಇರುವುದು ಮೊಬೈಲ್ ಕಂಪನಿಯ ಬಳಿ. ಯಾರಾದರೂ ಕಾಣೆಯಾದಾಗ ಪೊಲೀಸರು ಕೇಳಿ ಪಡೆಯುತ್ತಾರೆ. ದಾರಿಹೋಕರಿಗೆ ಅದು ಸಿಗುವುದಿಲ್ಲ. ಆ ಆ್ಯಪ್‌ಗಳಿಗೆ ಬೇಕಾಗಿರುವುದು ನಿಮ್ಮ ದುಡ್ಡು, ಇಲ್ಲವೇ ನಿಮ್ಮ ಫೋನಿನಲ್ಲಿರುವ ನಂಬರುಗಳು. ಮನೆಯವರು ಕಾಣೆಯಾಗಿದ್ದರೆ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗಿ.

ಫೋನ್ ಇಟ್ಟ ಮೇಲೆ

ಕೆಲಸ ಮುಗಿಯಲಿಲ್ಲ. 112ಕ್ಕೆ ಮಾಡಿದ ಫೋನು ಖಾಲಿ ಇರಲಿ. ಅಣ್ಣ, ಅತ್ತೆ, ಮಾವ ಎಲ್ಲರಿಗೂ ಸುದ್ದಿ ಮುಟ್ಟಿಸಲು ಇನ್ನೊಂದು ಫೋನ್ ತೆಗೆದುಕೊಳ್ಳಿ. ಡ್ರೈವರ್ ಮಾಡಿದಾಗ ಎಂಗೇಜ್ ಬಂದರೆ ಅವರು ರಸ್ತೆ ಕವಲಿನಲ್ಲಿ ನಿಂತು ಕಾಯಬೇಕಾಗುತ್ತದೆ. ಬ್ಯಾಟರಿ ಕಡಿಮೆ ಇದ್ದರೆ ಡೇಟಾ ಆಫ್ ಮಾಡಿ, ಬೆಳಕು ತಗ್ಗಿಸಿ.

ಒಬ್ಬರನ್ನು ಮುಖ್ಯ ರಸ್ತೆಗೆ ಕಳಿಸಿ. ರಾತ್ರಿಯಾದರೆ ಟಾರ್ಚ್ ಕೊಟ್ಟು ಕಳಿಸಿ. ಮನೆಯ ಹೊರಗಿನ ದೀಪಗಳನ್ನೆಲ್ಲ ಹಾಕಿ, ಗೇಟು ತೆಗೆದಿಡಿ, ನಾಯಿ ಕಟ್ಟಿ. ರೋಗಿಯನ್ನು ನೀವೇ ಬೇರೆ ಗಾಡಿಯಲ್ಲಿ ಕರೆದುಕೊಂಡು ಹೊರಟರೆ ತಿರುಗಿ ಫೋನ್ ಮಾಡಿ ಹೇಳಿ, ಆ ಗಾಡಿ ಇನ್ನೊಬ್ಬರಿಗೆ ಸಿಗಲಿ.

ಇಷ್ಟೆಲ್ಲ ಓದಿದ ಮೇಲೆ ಒಮ್ಮೆ 112 ಒತ್ತಿ ನೋಡೋಣ ಅನ್ನಿಸಬಹುದು. ಬೇಡ. ಅಭ್ಯಾಸ ಮಾಡಬೇಕಾದರೆ ಮನೆಯಲ್ಲೇ ಯಾರಿಗಾದರೂ ಫೋನ್ ಮಾಡಿ, ಗೋಡೆಯ ರಟ್ಟು ನೋಡಿ ಓದಿ ಹೇಳಲು ಮಕ್ಕಳಿಗೆ ಹೇಳಿ. ಜೇಬಿನಲ್ಲಿದ್ದ ಫೋನು ತಾನಾಗಿ 112ಕ್ಕೆ ಕರೆ ಮಾಡಿದ್ದರೆ ಗಾಬರಿಯಾಗಿ ಕಟ್ ಮಾಡಬೇಡಿ. “ತಪ್ಪಿ ಒತ್ತಿ ಹೋಯ್ತು, ಇಲ್ಲಿ ಏನೂ ತೊಂದರೆ ಇಲ್ಲ” ಅಂತ ಹೇಳಿ ಇಡಿ. ಸುಮ್ಮನೆ ಕಟ್ ಮಾಡಿದರೆ ನಿಜಕ್ಕೂ ಏನೋ ಆಗಿದೆ ಅಂದುಕೊಂಡು ಅವರು ನಿಮ್ಮನ್ನು ಹುಡುಕಬೇಕಾಗುತ್ತದೆ.